ಫಿಟ್ಸ್ ಮಾತ್ರೆ ಶುರುವಾದ ಮೇಲೆ ಮುಖ ಊದಿಕೊಂಡರೆ ಮನೆಯವರು ಏನು ಮಾಡಬೇಕು?

ನನ್ನ ತಮ್ಮನಿಗೆ ಮೂರ್ಛೆ ರೋಗ. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವನಿಗೆ ಕಾರ್ಬಮಜೆಪಿನ್ ಎಂಬ ಫಿಟ್ಸ್ ಮಾತ್ರೆ ಶುರುವಾಯಿತು. ಮೂರು ವಾರ ಒಂದೂ ಫಿಟ್ಸ್ ಬರಲಿಲ್ಲ. ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನಾಲ್ಕನೇ ವಾರ ಜ್ವರ ಬಂತು. ಊರಿನ ಡಾಕ್ಟರು ವೈರಲ್ ಜ್ವರ ಎಂದು ಮೂರು ದಿನಕ್ಕೆ ಮಾತ್ರೆ ಬರೆದುಕೊಟ್ಟರು. ಮೈಮೇಲೆ ಗುಳ್ಳೆಯಂಥ ದದ್ದು ಎದ್ದಾಗ ಅಜ್ಜಿ ‘ಅಮ್ಮ ಎದ್ದಿದೆ’ ಅಂದರು, ಬೇವಿನ ಸೊಪ್ಪು ಬಂತು, ಮನೆಯಲ್ಲಿ ಒಗ್ಗರಣೆ ನಿಂತಿತು. ಐದನೇ ದಿನ ಬೆಳಿಗ್ಗೆ ಅವನು ಎದ್ದು ಕನ್ನಡಕ ಹಾಕಿಕೊಳ್ಳಲು ನೋಡಿದ. ಕಡ್ಡಿ ಕಿವಿಯ ಹಿಂದೆ ಕೂರಲೇ ಇಲ್ಲ. ಕಣ್ಣಿನ ರೆಪ್ಪೆ, ಕೆನ್ನೆ, ಕಿವಿಯ ಹಾಲೆ ಎಲ್ಲವೂ ಹಿಟ್ಟು ನೆನೆದಂತೆ ಉಬ್ಬಿದ್ದವು. ‘ನಿದ್ದೆ ಜಾಸ್ತಿಯಾಗಿದೆ ಬಿಡು, ಮುಖ ತೊಳೆದರೆ ಇಳಿಯುತ್ತೆ’ ಅಂದಳು ಅವ್ವ.

ಆ ಐದೂ ದಿನ ನಾವು ಅವನಿಗೆ ಕಾರ್ಬಮಜೆಪಿನ್ ತಪ್ಪದೆ, ಹೊತ್ತಿಗೆ ಸರಿಯಾಗಿ ನುಂಗಿಸುತ್ತಿದ್ದೆವು. ಕಾಯಿಲೆ ತಂದದ್ದೇ ಆ ಮಾತ್ರೆ ಎಂದು ಯಾರಿಗೂ ಹೊಳೆದಿರಲಿಲ್ಲ.

ದೊಡ್ಡಾಸ್ಪತ್ರೆಯ ತುರ್ತು ವಿಭಾಗದಲ್ಲಿದ್ದ ಎಳೆಯ ವೈದ್ಯೆ ಮುಖ ನೋಡಿದವರೇ ಕೇಳಿದ ಮೊದಲ ಪ್ರಶ್ನೆ, ‘ಹೊಸ ಮಾತ್ರೆ ಏನಾದ್ರೂ ಶುರು ಮಾಡಿದ್ರಾ? ಯಾವ ತಾರೀಖಿನಿಂದ?’ ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಕೊನೆಗೆ ಅಪ್ಪ ಮನೆಗೆ ಫೋನ್ ಮಾಡಿ, ಅಜ್ಜಿಯ ಕೈಲಿ ಮೆಡಿಕಲ್ ಶಾಪಿನ ಬಿಲ್ ಹುಡುಕಿಸಿ ತಾರೀಖು ಓದಿಸಿದರು. ಇಪ್ಪತ್ತೇಳನೇ ದಿನ. ಅದನ್ನು ಕೇಳಿದ ಕೂಡಲೇ ವೈದ್ಯೆ ಮಾತ್ರೆ ನಿಲ್ಲಿಸಿ ರಕ್ತ ಪರೀಕ್ಷೆಗೆ ಬರೆದರು. ಈ ಬರಹ ಆ ಒಂದು ಪ್ರಶ್ನೆಯ ಸುತ್ತಲೇ ಇದೆ. ನಾನು ವೈದ್ಯೆಯಲ್ಲ. ಆಮೇಲಿನ ವರ್ಷಗಳಲ್ಲಿ ನರರೋಗ ತಜ್ಞರನ್ನು ಕೇಳಿ, ಓದಿ, ತಮ್ಮನ ಜೊತೆ ಬದುಕಿ ಕಲಿತದ್ದನ್ನು, ಒಬ್ಬ ಅಕ್ಕ ಇನ್ನೊಂದು ಮನೆಯ ಅಕ್ಕನಿಗೆ ಹೇಳುವ ಹಾಗೆ ಬರೆಯುತ್ತಿದ್ದೇನೆ.

1. ಮಾತ್ರೆ ಶುರುವಾದ ದಿನವೇ ತಾರೀಖು ಬರೆಯಿರಿ

ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ದಿನ ಶುರು, ಯಾವ ದಿನ ಪ್ರಮಾಣ ಏರಿಸಿದರು. ಆ ದಿನದಿಂದ ಎಂಟು ವಾರ ಎಣಿಸಿ, ಕೊನೆಯ ದಿನಕ್ಕೊಂದು ಸುತ್ತು ಹಾಕಿ. ಈ ಎಂಟು ವಾರದಲ್ಲಿ ಬರುವ ಯಾವ ಜ್ವರವೂ, ದದ್ದೂ, ಊತವೂ ಬೇರೆ ಕಾರಣ ಗೊತ್ತಾಗುವವರೆಗೆ ಮಾತ್ರೆಯ ಲೆಕ್ಕಕ್ಕೇ ಸೇರಿದ್ದು. ಡೆಂಗಿ ಇರಬಹುದು, ದಡಾರ ಇರಬಹುದು. ಆದರೆ ಮೊದಲ ಅನುಮಾನ ಮಾತ್ರೆಯ ಮೇಲೆ.

ಬರೆಯುವಾಗ ಕಂಪನಿ ಇಟ್ಟ ಹೆಸರಿನ ಜೊತೆಗೆ ಒಳಗಿನ ಔಷಧದ ಹೆಸರನ್ನೂ ಬರೆಯಿರಿ. ಎಪ್ಟಾಯಿನ್, ಡೈಲಾಂಟಿನ್ ಎರಡೂ ಫೆನಿಟಾಯಿನ್. ಟೆಗ್ರಿಟಾಲ್, ಮೆಜೆಟಾಲ್ ಎರಡೂ ಕಾರ್ಬಮಜೆಪಿನ್. ಗಾರ್ಡಿನಾಲ್ ಅಂದರೆ ಫಿನೋಬಾರ್ಬಿಟೋನ್. ಅಲರ್ಜಿ ಆಗುವುದು ಒಳಗಿನ ಔಷಧಕ್ಕೆ. ಹಾಗಾಗಿ ‘ಕಂಪನಿ ಬದಲಾಯಿಸಿ ನೋಡೋಣ’ ಎನ್ನುವುದರಲ್ಲಿ ಅರ್ಥವಿಲ್ಲ. ಖಾಲಿಯಾದ ಸ್ಟ್ರಿಪ್ಪನ್ನೂ ಮೊದಲ ಎರಡು ತಿಂಗಳು ಎಸೆಯಬೇಡಿ.

ಅದೇ ದಿನ ರೋಗಿಯ ಮುಖದ ಫೋಟೊ ತೆಗೆದಿಡಿ. ಬೆಳಗಿನ ಬೆಳಕಿನಲ್ಲಿ, ನೇರವಾಗಿ ಒಂದು, ಕಿವಿ ಕಾಣುವ ಹಾಗೆ ಪಕ್ಕದಿಂದ ಒಂದು. ದಿನಾ ನೋಡುವ ಮುಖ ನಿಧಾನಕ್ಕೆ ಊದಿದರೆ ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಮೊದಲ ಸಲ ನೋಡುವ ವೈದ್ಯರಿಗೆ ಇವನ ಮುಖ ಯಾವಾಗಲೂ ಹೀಗೇ ದುಂಡಗಿತ್ತೇ ಎಂದು ತಿಳಿಯುವುದೂ ಕಷ್ಟ. ಹಳೆಯ ಫೋಟೊ ಪಕ್ಕದಲ್ಲಿ ಹಿಡಿದರೆ ಮಾತೇ ಬೇಡ.

ಫಿಟ್ಸ್ ಇಲ್ಲದವರಿಗೂ ಈ ಔಷಧಗಳನ್ನು ಕೊಡುತ್ತಾರೆ ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಖದ ನರ ಚುಳುಕ್ ಎಂದು ಹೊಡೆಯುವ ನೋವಿಗೆ ಕಾರ್ಬಮಜೆಪಿನ್, ಮನೋರೋಗಕ್ಕೆ ಲ್ಯಾಮೋಟ್ರಿಜಿನ್, ತಲೆಗೆ ಪೆಟ್ಟು ಬಿದ್ದವರಿಗೆ ಮತ್ತು ಮೆದುಳಿನ ಆಪರೇಷನ್ ಆದವರಿಗೆ ಮುನ್ನೆಚ್ಚರಿಕೆಯಾಗಿ ಫೆನಿಟಾಯಿನ್, ಸಕ್ಕರೆ ಕಾಯಿಲೆಯವರ ಪಾದದ ಉರಿಗೆ ಪ್ರಿಗ್ಯಾಬಲಿನ್. ‘ನಮಗೆ ಫಿಟ್ಸೇ ಇಲ್ಲವಲ್ಲ’ ಎಂದು ಇಂಥವರ ಮನೆಯಲ್ಲಿ ಯಾರೂ ಹುಷಾರಾಗಿರುವುದಿಲ್ಲ.

2. ಊತ ಕಂಡಾಗ ಮೊದಲು ಉಸಿರು ನೋಡಿ

ಊತ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಮಾತ್ರೆ ನುಂಗಿದ ನಿಮಿಷಗಳಲ್ಲಿ ಅಥವಾ ಕೆಲವು ಗಂಟೆಗಳಲ್ಲಿ ಬರುವ ದಿಢೀರ್ ಊತ. ತುಟಿ, ರೆಪ್ಪೆ, ನಾಲಿಗೆ, ಗಂಟಲು ಉಬ್ಬುತ್ತವೆ. ಜೊತೆಗೆ ಮೈಮೇಲೆ ಪಿತ್ತದ ಗಂಧೆಗಳು ಏಳಬಹುದು, ಏಳದೆಯೂ ಇರಬಹುದು. ಇನ್ನೊಂದು, ವಾರಗಳ ನಂತರ ಜ್ವರದ ಬೆನ್ನಿಗೆ ಬರುವ ನಿಧಾನದ ಊತ. ತಮ್ಮನಿಗೆ ಬಂದದ್ದು ಎರಡನೆಯದು. ಎರಡೂ ಅಪಾಯವೇ, ಆದರೆ ಮೊದಲನೆಯದರಲ್ಲಿ ನಿಮ್ಮ ಕೈಲಿರುವುದು ನಿಮಿಷಗಳು ಮಾತ್ರ.

ಧ್ವನಿ ಗೊಗ್ಗರಾಗಿದೆಯೇ? ಎಂಜಲು ನುಂಗಲು ಆಗುತ್ತಿಲ್ಲವೇ? ನಾಲಿಗೆ ದಪ್ಪವಾಗಿ ಮಾತು ತೊದಲುತ್ತಿದೆಯೇ? ಉಸಿರೆಳೆದಾಗ ಸೀಟಿಯಂಥ ಸದ್ದು, ಎದೆ ಬಿಗಿತ, ತಲೆಸುತ್ತು, ಕಣ್ಣು ಕತ್ತಲೆ ಇದೆಯೇ? ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ಗಾಡಿ ಬರುವುದು ತಡ ಅನ್ನಿಸಿದರೆ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ. ಈ ಹೊತ್ತಿನಲ್ಲಿ ನರರೋಗ ತಜ್ಞರನ್ನು ಹುಡುಕಿಕೊಂಡು ಜಿಲ್ಲಾ ಕೇಂದ್ರದವರೆಗೆ ಹೋಗಬೇಡಿ. ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಇಂಜೆಕ್ಷನ್ ಕೊಡಬಲ್ಲ ಯಾವ ಆಸ್ಪತ್ರೆಯಾದರೂ ಸರಿ, ಪ್ರಾಥಮಿಕ ಆರೋಗ್ಯ ಕೇಂದ್ರವಾದರೂ ಸರಿ. ಜೀವ ಉಳಿಸುವುದು ಆ ಇಂಜೆಕ್ಷನ್. ಮನೆಯಲ್ಲಿರುವ ಅವಿಲ್, ಸಿಟ್ರಿಜಿನ್ ಮಾತ್ರೆಗಳು ತುರಿಕೆ ಕಡಿಮೆ ಮಾಡಬಹುದೇ ಹೊರತು ಮುಚ್ಚಿಕೊಳ್ಳುತ್ತಿರುವ ಗಂಟಲನ್ನು ತೆರೆಯುವುದಿಲ್ಲ. ಅದನ್ನು ನುಂಗಿಸಿ ‘ಅರ್ಧ ಗಂಟೆ ನೋಡೋಣ’ ಎಂದು ಕೂರಬೇಡಿ.

ಉಸಿರಾಟ ಕಷ್ಟವಿದ್ದರೆ ರೋಗಿಯನ್ನು ಕೂರಿಸಿ. ತಲೆ ಸುತ್ತಿ ಬೀಳುವಂತಿದ್ದರೆ ಮಲಗಿಸಿ ಕಾಲನ್ನು ಎತ್ತರಕ್ಕಿಡಿ. ನೀರು, ಮಜ್ಜಿಗೆ, ಕಷಾಯ ಏನನ್ನೂ ಕುಡಿಸಬೇಡಿ. ಊತ ತಂದ ಮಾತ್ರೆಯ ಮುಂದಿನ ಡೋಸ್ ಕೊಡಬೇಡಿ. ಇಂಜೆಕ್ಷನ್ ಆಗಿ ಊತ ಇಳಿದ ಮೇಲೂ ವೈದ್ಯರು ಕೆಲವು ಗಂಟೆ ಅಲ್ಲೇ ಇರಿ ಎಂದರೆ ಇರಿ, ಇಳಿದ ಊತ ಮತ್ತೆ ಏರುವುದುಂಟು.

ಒಂದು ಜೋಡಿಯನ್ನು ನೆನಪಿಡಬೇಕು. ಪ್ರಿಗ್ಯಾಬಲಿನ್‌ನಿಂದ ಈ ದಿಢೀರ್ ಊತ ಬರಬಹುದು ಎಂದು ಔಷಧದ ಮಾಹಿತಿ ಪತ್ರದಲ್ಲೇ ಎಚ್ಚರಿಕೆ ಇದೆ. ಬಿಪಿಗೆ ಕೊಡುವ ಎನಾಲಪ್ರಿಲ್, ರಾಮಿಪ್ರಿಲ್‌ನಂಥ ‘ಪ್ರಿಲ್’ ಎಂದು ಮುಗಿಯುವ ಮಾತ್ರೆಗಳೂ ತುಟಿ, ನಾಲಿಗೆ ಊದಿಸಬಲ್ಲವು. ನಮ್ಮ ಮನೆಗಳಲ್ಲಿ ಸಕ್ಕರೆ, ಬಿಪಿ ಎರಡೂ ಇರುವ ಹಿರಿಯರಿಗೆ ಇವೆರಡೂ ಒಟ್ಟಿಗೇ ನಡೆಯುತ್ತಿರುತ್ತವೆ, ಬರೆದ ವೈದ್ಯರು ಬೇರೆ ಬೇರೆಯವರಾಗಿರುತ್ತಾರೆ. ಇಬ್ಬರಿಗೂ ಎಲ್ಲ ಮಾತ್ರೆಗಳನ್ನು ತೋರಿಸಿ.

3. ಉಸಿರು ಸರಿಯಿದೆ, ಮುಖ ಊದಿದೆ ಅಂದರೆ ಮೈಯೆಲ್ಲ ನೋಡಿ

ಜ್ವರ, ದದ್ದು, ನಿಧಾನದ ಊತ ಒಟ್ಟಾಗಿ ಬರುವ ಈ ಔಷಧದ ಅಲರ್ಜಿಗೆ ವೈದ್ಯರು ‘ಡ್ರೆಸ್’ (DRESS) ಎನ್ನುತ್ತಾರೆ. ಈ ಹೆಸರು 1996ರಲ್ಲಿ ಬಂದದ್ದು. ಅದಕ್ಕೆ ಮೊದಲು ಫಿಟ್ಸ್ ಔಷಧದ ಅತಿಸೂಕ್ಷ್ಮತೆ ಎಂದೇ ಕರೆಯುತ್ತಿದ್ದರು. ಮಾತ್ರೆ ಶುರುವಾಗಿ ಸಾಮಾನ್ಯವಾಗಿ 2ರಿಂದ 8 ವಾರದೊಳಗೆ ಕಾಣಿಸಿಕೊಳ್ಳುತ್ತದೆ. ಇಷ್ಟು ತಡವಾಗಿ ಬರುವುದರಿಂದಲೇ ಎಲ್ಲರೂ ಮೋಸ ಹೋಗುವುದು. ‘ಅಲರ್ಜಿ ಆಗೋದಿದ್ದರೆ ಮೊದಲ ದಿನವೇ ಆಗಬೇಕಿತ್ತಲ್ಲ, ಇಷ್ಟು ದಿನ ಒಗ್ಗಿದೆಯಲ್ಲ’ ಎಂದು ನಾವೂ ಅಂದುಕೊಂಡಿದ್ದೆವು.

ಇದು ಚರ್ಮದ ಕಾಯಿಲೆಯಂತೆ ಕಂಡರೂ ಪೆಟ್ಟು ಬೀಳುವುದು ಒಳಗೆ. ಯಕೃತ್ತಿಗೆ ಹೆಚ್ಚು, ಕೆಲವರಲ್ಲಿ ಮೂತ್ರಪಿಂಡ, ಶ್ವಾಸಕೋಶ, ಹೃದಯಕ್ಕೂ. ಹೊಸದಾಗಿ ಈ ಔಷಧ ಶುರು ಮಾಡಿದವರಲ್ಲಿ ಸಾವಿರಕ್ಕೊಬ್ಬರಿಂದ ಹತ್ತು ಸಾವಿರಕ್ಕೊಬ್ಬರಿಗೆ ಬರುತ್ತದೆ ಎನ್ನುವುದು ವೈದ್ಯರು ಕೊಡುವ ಲೆಕ್ಕ. ಅಪರೂಪವೇ. ಆದರೆ ಬಂದವರಲ್ಲಿ ನೂರಕ್ಕೆ ಹತ್ತು ಮಂದಿಯವರೆಗೂ ಜೀವ ಹೋಗಬಹುದು ಎಂದು ವೈದ್ಯಕೀಯ ಪುಸ್ತಕಗಳು ಹೇಳುತ್ತವೆ.

ನೋಡುವ ಬಗೆ ಹೀಗೆ. ಥರ್ಮಾಮೀಟರ್ ಇಟ್ಟು ಜ್ವರ ಬರೆದುಕೊಳ್ಳಿ. ಎಷ್ಟೋ ಜನರಲ್ಲಿ ಮೊದಲು ಬರುವುದು ಜ್ವರವೇ, ದದ್ದು ಆಮೇಲೆ. ಬಟ್ಟೆ ಸರಿಸಿ ಎದೆ, ಬೆನ್ನು, ತೋಳಿನ ಒಳಬದಿ ನೋಡಿ. ಪುಸ್ತಕಗಳಲ್ಲಿ ‘ಕೆಂಪು ದದ್ದು’ ಎಂದಿರುತ್ತದೆ. ನಮ್ಮ ಎಣ್ಣೆಗೆಂಪು, ಕಪ್ಪು ಮೈಬಣ್ಣದಲ್ಲಿ ಅದು ಕೆಂಪಾಗಿ ಕಾಣುವುದಿಲ್ಲ. ಕಂದಾಗಿ, ನೇರಳೆಯಾಗಿ, ಬಿಸಿಲಿಗೆ ಕಪ್ಪಿಟ್ಟಂತೆ ಕಾಣುತ್ತದೆ. ಹಾಗಾಗಿ ಕಣ್ಣನ್ನಷ್ಟೇ ನಂಬದೆ ಅಂಗೈಯಿಂದ ಸವರಿ ನೋಡಿ. ಚರ್ಮ ತರಿತರಿಯಾಗಿ, ಬೆಚ್ಚಗೆ ತಾಗುತ್ತದೆ. ಕಿವಿಯ ಹಾಲೆಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿ, ದಪ್ಪವಾಗಿದೆಯೇ? ಕುತ್ತಿಗೆ, ಕಂಕುಳು, ತೊಡೆಸಂದಿನಲ್ಲಿ ಗಂಟು ಸಿಗುತ್ತದೆಯೇ? ಮೂತ್ರ ಕಡು ಹಳದಿಯಾಗಿದೆಯೇ, ಕಣ್ಣಿನ ಬಿಳಿಭಾಗ ಹಳದಿಯೇ?

ಆಮೇಲೆ ಬಾಯಿ ತೆರೆಸಿ ನೋಡಿ. ಇದನ್ನು ಬಿಡಲೇಬೇಡಿ. ತುಟಿ ಊದಿ ಒಡೆದು ಹಕ್ಕಳೆ ಕಟ್ಟಿದ್ದರೆ, ಬಾಯೊಳಗೆ, ಜನನಾಂಗದಲ್ಲಿ ಹುಣ್ಣಾಗಿದ್ದರೆ, ಕಣ್ಣು ಕೆಂಪಾಗಿ ಉರಿಯುತ್ತಿದ್ದರೆ, ಚರ್ಮ ಮುಟ್ಟಿದರೆ ನೋಯುತ್ತಿದ್ದರೆ, ನೀರುಗುಳ್ಳೆ ಎದ್ದು ಸಿಪ್ಪೆ ಸುಲಿಯುತ್ತಿದ್ದರೆ ಅದು ಸ್ಟೀವನ್ಸ್-ಜಾನ್ಸನ್ ಎಂಬ ಇನ್ನೊಂದು ಘೋರ ಪ್ರತಿಕ್ರಿಯೆ ಇರಬಹುದು. ಚರ್ಮ ಸುಟ್ಟವರನ್ನು ನೋಡಿಕೊಳ್ಳುವ ಹಾಗೆ ನೋಡಿಕೊಳ್ಳಬೇಕಾದ ಸ್ಥಿತಿ ಅದು, ಕಣ್ಣಿನ ದೃಷ್ಟಿಗೂ ಅಪಾಯ. ಅರಿಶಿನ, ಬೇವು, ಕೊಬ್ಬರಿ ಎಣ್ಣೆ ಏನನ್ನೂ ಹಚ್ಚದೆ ಶುಭ್ರವಾದ ಹತ್ತಿಬಟ್ಟೆ ಹೊದಿಸಿ ಅದೇ ಗಳಿಗೆ ಹೊರಡಿ.

ಕಂಡದ್ದನ್ನೆಲ್ಲ ಫೋಟೊ ತೆಗೆಯಿರಿ. ದದ್ದು ಒಂದೇ ದಿನದಲ್ಲಿ ರೂಪ ಬದಲಿಸುತ್ತದೆ.

4. ಮಾತ್ರೆ ನಿಲ್ಲಿಸಬೇಕೇ, ಬೇಡವೇ?

ಎಲ್ಲರೂ ಸಿಕ್ಕಿಬೀಳುವುದು ಇಲ್ಲೇ. ಫಿಟ್ಸ್ ಮಾತ್ರೆ ಯಾವತ್ತೂ ದಿಢೀರನೆ ಬಿಡಬಾರದು ಎಂದು ಮೊದಲ ದಿನದಿಂದ ತಲೆಗೆ ತುಂಬಿರುತ್ತಾರೆ. ಅದು ನಿಜವೇ. ಬಿಟ್ಟರೆ ಒಂದರ ಮೇಲೊಂದು ಫಿಟ್ಸ್ ಬಂದು ನಿಲ್ಲದೆ ಹೋಗಬಹುದು. ಇತ್ತ ಅಲರ್ಜಿ ತಂದ ಮಾತ್ರೆಯ ಒಂದೊಂದು ಡೋಸೂ ಬೆಂಕಿಗೆ ಸೌದೆ. ಡ್ರೆಸ್‌ನಲ್ಲಿ ಮೊದಲ ಚಿಕಿತ್ಸೆಯೇ ಆ ಔಷಧವನ್ನು ನಿಲ್ಲಿಸುವುದು.

ನಾನು ಕಲಿತ ದಾರಿ ಇದು. ಗಂಟಲು, ನಾಲಿಗೆ ಊತ, ಉಸಿರಾಟದ ತೊಂದರೆ, ಬಾಯಿಹುಣ್ಣು, ನೀರುಗುಳ್ಳೆ ಇವುಗಳಲ್ಲಿ ಏನಾದರೂ ಇದ್ದರೆ, ಅಥವಾ ಮುಖದ ಊತದ ಜೊತೆ ಜ್ವರ, ದದ್ದು ಇದ್ದರೆ ಮುಂದಿನ ಡೋಸ್ ನುಂಗಿಸದೆ ಆಸ್ಪತ್ರೆಗೆ ಹೊರಡಿ. ದಾರಿಯಿಂದಲೇ ಚಿಕಿತ್ಸೆ ಕೊಡುವ ವೈದ್ಯರಿಗೆ ಫೋನ್ ಮಾಡಿ. ಆದರೆ ಮಾತ್ರೆ ಬಿಟ್ಟು ಮನೆಯಲ್ಲೇ ಮಲಗಿಸುವುದು ಮಾತ್ರ ಎಂದಿಗೂ ಬೇಡ. ನಿಲ್ಲಿಸಿದ ಮಾತ್ರೆಯ ಜಾಗಕ್ಕೆ ಅದೇ ದಿನ ಇನ್ನೊಂದು ಬರಬೇಕು. ಅದನ್ನು ಆಸ್ಪತ್ರೆಯವರೇ ಕೊಡಬೇಕು. ಜ್ವರವಿಲ್ಲ, ಊತವಿಲ್ಲ, ಬರೀ ಸಣ್ಣ ತುರಿಕೆ, ನಾಲ್ಕಾರು ದದ್ದು ಅಷ್ಟೇ ಅಂದರೆ ನೀವಾಗಿಯೇ ನಿಲ್ಲಿಸಬೇಡಿ, ಅದೇ ದಿನ ವೈದ್ಯರನ್ನು ಕಂಡು ಅವರು ಹೇಳಿದಂತೆ ಮಾಡಿ.

ದಾರಿಯಲ್ಲಿ ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ಗಡಿಯಾರ ನೋಡಿ. ಫಿಟ್ಸ್ ನಿಲ್ಲಿಸಲು ಮೂಗಿಗೆ ಸಿಂಪಡಿಸುವ ಮಿಡಜೋಲಾಮ್ ಔಷಧ ಬರೆದುಕೊಟ್ಟಿದ್ದರೆ ಹೊರಡುವಾಗ ಜೇಬಿನಲ್ಲಿರಲಿ. ಐದು ನಿಮಿಷ ದಾಟಿದ ಫಿಟ್ಸ್ ತಾನಾಗಿ ನಿಲ್ಲಲಿ ಎಂದು ಕಾಯುವಂಥದ್ದಲ್ಲ.

5. ಆಸ್ಪತ್ರೆಯಲ್ಲಿ ಮೊದಲ ವಾಕ್ಯ

‘ಜ್ವರ, ಮೈಮೇಲೆ ದದ್ದು’ ಎಂದು ಶುರು ಮಾಡಿದರೆ ಮಳೆಗಾಲದಲ್ಲಿ ಡೆಂಗಿ, ಬೇಸಿಗೆಯಲ್ಲಿ ದಡಾರ ಎಂದೇ ಯೋಚನೆ ಹೋಗುತ್ತದೆ. ಅದು ವೈದ್ಯರ ತಪ್ಪಲ್ಲ, ದಿನಕ್ಕೆ ಅಂಥವರು ಎಷ್ಟೋ ಮಂದಿ ಬರುತ್ತಾರೆ. ನಿಮ್ಮ ಮೊದಲ ವಾಕ್ಯ ಹೀಗಿರಲಿ: ‘ಇವನಿಗೆ ಫಿಟ್ಸ್ ಮಾತ್ರೆ ಶುರುವಾಗಿ ಇಷ್ಟು ದಿನ ಆಯ್ತು. ಇಂಥ ದಿನ ಜ್ವರ ಬಂತು, ಇವತ್ತು ಮುಖ ಊದಿದೆ. ಮಾತ್ರೆಯಿಂದ ಆಗಿರಬಹುದಾ ನೋಡಿ.’ ಸ್ಟ್ರಿಪ್, ಫೋಟೊಗಳನ್ನು ಮೇಜಿನ ಮೇಲಿಡಿ. ಜ್ವರಕ್ಕೆಂದು ಬೇರೆ ಕಡೆ ತೆಗೆದುಕೊಂಡ ಆಂಟಿಬಯೋಟಿಕ್, ನೋವಿನ ಮಾತ್ರೆ ಇದ್ದರೆ ಅದನ್ನೂ ಹೇಳಿ, ಅವುಗಳಿಂದಲೂ ಅಲರ್ಜಿ ಆಗಬಹುದು.

ಸಾಮಾನ್ಯವಾಗಿ ಮಾಡಿಸುವ ಪರೀಕ್ಷೆಗಳು ತಾಲ್ಲೂಕು ಮಟ್ಟದಲ್ಲೂ ಸಿಗುತ್ತವೆ. ರಕ್ತಕಣಗಳ ಪೂರ್ತಿ ಎಣಿಕೆ, ಅದರಲ್ಲಿ ಇಯೋಸಿನೊಫಿಲ್ (ಅಲರ್ಜಿಯಲ್ಲಿ ಏರುವ ಒಂದು ಬಗೆಯ ಬಿಳಿ ರಕ್ತಕಣ) ಎಷ್ಟು, ಯಕೃತ್ತಿನ ಎಸ್‌ಜಿಒಟಿ ಮತ್ತು ಎಸ್‌ಜಿಪಿಟಿ, ಮೂತ್ರಪಿಂಡದ ಕ್ರಿಯಾಟಿನಿನ್, ಮೂತ್ರ ಪರೀಕ್ಷೆ. ಮೊದಲ ದಿನ ಎಲ್ಲ ಸರಿಯಿದ್ದರೂ ಕೆಲವು ದಿನಕ್ಕೆ ಯಕೃತ್ತಿನ ಸಂಖ್ಯೆ ಏರುವುದುಂಟು, ಅದಕ್ಕೇ ಮತ್ತೆ ಮಾಡಿಸುತ್ತಾರೆ. ‘ನಿನ್ನೆ ತಾನೇ ರಕ್ತ ತೆಗೆದರಲ್ಲ’ ಎಂದು ಬೇಸರ ಮಾಡಿಕೊಳ್ಳಬೇಡಿ.

ಬದಲಿ ಔಷಧ ಬರೆಯುವಾಗ ಒಂದು ಪ್ರಶ್ನೆ ಕೇಳುವ ಹಕ್ಕು ನಿಮಗಿದೆ: ‘ಇದೂ ಅದೇ ಗುಂಪಿನದಾ?’ ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್ ಮೂರರ ರಚನೆಯಲ್ಲೂ ಒಂದೇ ಬಗೆಯ ಉಂಗುರವಿದೆ. ಯಕೃತ್ತು ಅದನ್ನು ಒಡೆಯುವಾಗ ಹುಟ್ಟುವ ಪದಾರ್ಥಗಳನ್ನು ಕೆಲವರ ದೇಹ ಶತ್ರುವೆಂದು ತಿಳಿದು ಕಾದಾಡುತ್ತದೆ. ಒಂದಕ್ಕೆ ಹೀಗಾದವರಲ್ಲಿ ಇನ್ನೊಂದಕ್ಕೂ ಆಗುವ ಸಾಧ್ಯತೆ ನೂರಕ್ಕೆ 40ರಿಂದ 80. ಆಕ್ಸ್‌ಕಾರ್ಬಜೆಪಿನ್, ಲ್ಯಾಮೋಟ್ರಿಜಿನ್‌ಗಳನ್ನೂ ಇದೇ ಸಾಲಿನಲ್ಲಿಟ್ಟು ಹುಷಾರಾಗಿರುತ್ತಾರೆ. ತಮ್ಮನಿಗೆ ಲೆವೆಟಿರಸೆಟಾಮ್ ಮತ್ತು ಕೆಲವು ವಾರ ಕ್ಲೋಬಜಾಮ್ ಕೊಟ್ಟರು. ಅವು ಆ ಗುಂಪಿನ ಹೊರಗಿನವು. ಹಾಗೆಂದು ಅವುಗಳಿಂದ ಆಗುವುದೇ ಇಲ್ಲ ಎಂದಲ್ಲ. ಈ ಎರಡರಿಂದಲೂ ಅಪರೂಪಕ್ಕೆ ಡ್ರೆಸ್ ಬರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಎಚ್ಚರಿಸಿತು. ಹೊಸ ಮಾತ್ರೆಗೂ ಕ್ಯಾಲೆಂಡರಿನಲ್ಲಿ ಮತ್ತೆ ಎಂಟು ವಾರ ಎಣಿಸಿದೆವು. ವಾಲ್‌ಪ್ರೊಯೇಟ್ ಆ ಗುಂಪಿಗೆ ಸೇರದಿದ್ದರೂ ಯಕೃತ್ತು ಬಳಲಿರುವಾಗ ಕೊಡಲು ಹಿಂಜರಿಯುತ್ತಾರೆ. ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡುವುದರಿಂದ ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಯೋಚಿಸುತ್ತಾರೆ.

6. ಎಲ್ಲ ಊತವೂ ಅಲರ್ಜಿಯಲ್ಲ

ಗಾಬರಿಯಲ್ಲಿ ಒಗ್ಗಿದ ಮಾತ್ರೆಯನ್ನೂ ಬಿಡುವವರಿದ್ದಾರೆ. ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್ ತೆಗೆದುಕೊಳ್ಳುವವರಿಗೆ ಎರಡೂ ಪಾದ ಸಂಜೆಯ ಹೊತ್ತಿಗೆ ಊದಿ, ಬೆರಳೊತ್ತಿದರೆ ಗುಳಿ ಬೀಳುವುದುಂಟು. ಅದು ನೀರು ತುಂಬಿದ್ದು. ಸಕ್ಕರೆ ಕಾಯಿಲೆಗೆ ಪಯೋಗ್ಲಿಟಾಜೋನ್ ಜೊತೆಗಿದ್ದರೆ ಇನ್ನೂ ಹೆಚ್ಚು. ವೈದ್ಯರಿಗೆ ಹೇಳಿ, ರಾತ್ರೋರಾತ್ರಿ ಓಡಬೇಕಿಲ್ಲ. ಫೆನಿಟಾಯಿನ್‌ನಿಂದ ತಿಂಗಳುಗಳಲ್ಲಿ ವಸಡು ಉಬ್ಬಿ ಹಲ್ಲು ಮುಚ್ಚುವುದೂ ಅಲರ್ಜಿಯಲ್ಲ. ದಿನಾ ಚೆನ್ನಾಗಿ ಹಲ್ಲುಜ್ಜಿ, ದಂತವೈದ್ಯರನ್ನು ಕಾಣಿ. ವಾಲ್‌ಪ್ರೊಯೇಟ್‌ನಿಂದ ಮೈ ತೂಕವೇ ಏರಿ ಮುಖ ದುಂಡಗಾಗಬಹುದು. ಆದರೆ ಫೆನಿಟಾಯಿನ್ ಇಂಜೆಕ್ಷನ್ ಹೋಗುತ್ತಿರುವ ಕೈ ಊದಿ, ನೋವಾಗಿ, ನೇರಳೆ ಬಣ್ಣಕ್ಕೆ ತಿರುಗಿದರೆ ಅದೇ ಕ್ಷಣ ನರ್ಸನ್ನು ಕರೆಯಿರಿ. ಅಲರ್ಜಿ ಅಲ್ಲದಿದ್ದರೂ ಕೈಗೆ ಹಾನಿ.

7. ಮನೆಗೆ ಬಂದ ಮೇಲೆ

ತಮ್ಮ ಹನ್ನೆರಡು ದಿನಕ್ಕೆ ಮನೆಗೆ ಬಂದ. ಮುಖದ ಚರ್ಮ ಹುರಿಗಡಲೆಯ ಸಿಪ್ಪೆಯಂತೆ ಎದ್ದು ಉದುರುತ್ತಿತ್ತು. ಕೈಯಲ್ಲಿ ಸ್ಟಿರಾಯ್ಡ್ ಮಾತ್ರೆಯ ಚೀಟಿ, ವಾರಕ್ಕಿಷ್ಟು ಇಳಿಸಿ ಎಂದು. ಅವನಿಗೆ ಒಳ್ಳೆಯದಾಯಿತು ಅನ್ನಿಸಿದ ಕೂಡಲೇ ಅವ್ವ ನಿಲ್ಲಿಸಲು ಹೊರಟಳು. ಸ್ಟಿರಾಯ್ಡ್ ಎಂದರೆ ನಮ್ಮಲ್ಲಿ ಎಲ್ಲರಿಗೂ ಭಯ. ಡ್ರೆಸ್‌ನಲ್ಲಿ ಅದನ್ನು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ನಿಧಾನವಾಗಿ ಇಳಿಸುತ್ತಾರೆ. ಬೇಗ ಬಿಟ್ಟರೆ ಜ್ವರ, ದದ್ದು ಮರಳಿ ಬರುತ್ತವೆ. ಯಾವ ದಿನ ಎಷ್ಟು ಮಾತ್ರೆ ಎಂದು ನಾನೇ ಒಂದು ರಟ್ಟಿನ ಮೇಲೆ ಚೌಕ ಹಾಕಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ನುಂಗಿದ ಮೇಲೆ ಅವನೇ ಗೀಟು ಹಾಕುತ್ತಿದ್ದ.

ಇನ್ನೊಂದನ್ನು ತುಂಬ ಜನ ಮರೆಯುತ್ತಾರೆ. ಡ್ರೆಸ್ ವಾಸಿಯಾಗಿ ಎರಡು ಮೂರು ತಿಂಗಳ ಮೇಲೆ ಥೈರಾಯ್ಡ್ ಗ್ರಂಥಿಗೆ ತೊಂದರೆ ಶುರುವಾಗಬಹುದು. ಬಿಡುಗಡೆಯ ದಿನವೇ ‘ಟಿಎಸ್‌ಎಚ್ ಯಾವಾಗ ಮಾಡಿಸಬೇಕು?’ ಎಂದು ಕೇಳಿ ತಾರೀಖು ಬರೆಸಿಕೊಳ್ಳಿ, ಅದು ಥೈರಾಯ್ಡ್ ನೋಡುವ ರಕ್ತ ಪರೀಕ್ಷೆ.

‘ನಿಜವಾಗಿಯೂ ಅದರಿಂದಲೇ ಆಗಿತ್ತಾ, ಒಂದೇ ಒಂದು ಮಾತ್ರೆ ಕೊಟ್ಟು ನೋಡೋಣ’ ಎಂಬ ಯೋಚನೆ ಯಾರಿಗಾದರೂ ಬಂದರೆ ತಡೆಯಿರಿ. ಎರಡನೇ ಸಲ ದೇಹ ವಾರಗಟ್ಟಲೆ ಕಾಯುವುದಿಲ್ಲ. ಗಂಟೆಗಳಲ್ಲಿ, ಒಂದೆರಡು ದಿನದಲ್ಲಿ ತಿರುಗಿ ಬೀಳುತ್ತದೆ. ಮನೆಯಲ್ಲಿ ಉಳಿದಿದ್ದ ಸ್ಟ್ರಿಪ್ಪುಗಳನ್ನು ನಾವು ಆಸ್ಪತ್ರೆಯ ಔಷಧ ವಿಭಾಗಕ್ಕೇ ಒಪ್ಪಿಸಿ ಬಂದೆವು.

ಲ್ಯಾಮೋಟ್ರಿಜಿನ್ ನುಂಗುವವರಿಗೆ ಬೇರೆಯೇ ಒಂದು ಮಾತು. ಅದನ್ನು ಇರುವೆ ನಡಿಗೆಯಲ್ಲಿ ಏರಿಸುವುದೇ ದದ್ದು ಬಾರದಿರಲಿ ಎಂದು. ವಾಲ್‌ಪ್ರೊಯೇಟ್ ಜೊತೆಗಿದ್ದರೆ ದೊಡ್ಡವರಿಗೂ ದಿನ ಬಿಟ್ಟು ದಿನ 25 ಮಿಲಿಗ್ರಾಂನಿಂದ ಶುರು ಮಾಡುತ್ತಾರೆ. ಮಕ್ಕಳಲ್ಲಿ ಅಪಾಯ ಇನ್ನೂ ಹೆಚ್ಚು. ಊರಿಗೆ ಹೋದಾಗ ಮರೆತು ನಾಲ್ಕೈದು ದಿನ ಬಿಟ್ಟುಹೋದರೆ ಹಳೆಯ ಪ್ರಮಾಣಕ್ಕೇ ನೇರವಾಗಿ ಮರಳಬೇಡಿ, ವೈದ್ಯರನ್ನು ಕೇಳಿ. ಮತ್ತೆ ಕೆಳಗಿನ ಮೆಟ್ಟಿಲಿನಿಂದ ಹತ್ತಬೇಕಾಗಬಹುದು.

8. ಜೇಬಿನಲ್ಲಿ ಒಂದು ಚೀಟಿ

ಈ ಇಡೀ ಬರಹದಲ್ಲಿ ಒಂದನ್ನು ಮಾತ್ರ ಮಾಡುತ್ತೀರಿ ಎಂದರೆ ಇದನ್ನು ಮಾಡಿ.

ಯೋಚಿಸಿ ನೋಡಿ. ಅಲರ್ಜಿಯಾದ ಹುಡುಗ ಬಸ್‌ಸ್ಟ್ಯಾಂಡಿನಲ್ಲಿ ಫಿಟ್ಸ್ ಬಂದು ಬೀಳುತ್ತಾನೆ. ಯಾರೋ ಪುಣ್ಯಾತ್ಮರು ಆಸ್ಪತ್ರೆಗೆ ಸೇರಿಸುತ್ತಾರೆ. ಪ್ರಜ್ಞೆಯಿಲ್ಲ. ಫಿಟ್ಸ್ ನಿಲ್ಲುತ್ತಿಲ್ಲ. ಆಗ ನಮ್ಮ ತುರ್ತು ವಿಭಾಗಗಳಲ್ಲಿ ಮಾಮೂಲಾಗಿ ಕೈಗೆತ್ತಿಕೊಳ್ಳುವ ಇಂಜೆಕ್ಷನ್‌ಗಳಲ್ಲಿ ಫೆನಿಟಾಯಿನ್ ಒಂದು. ಜೀವ ಉಳಿಸಲೆಂದೇ ಕೊಡುತ್ತಾರೆ. ಇವನಿಗೆ ಅದೇ ಆಗದು. ಹೇಳಲು ಇವನಿಗೆ ಬಾಯಿಲ್ಲ.

ತಮ್ಮನ ಪರ್ಸಿನಲ್ಲಿ ಆಧಾರ್ ಕಾರ್ಡಿನ ಮುಂದೆ, ಲ್ಯಾಮಿನೇಟ್ ಮಾಡಿಸಿದ ಒಂದು ಚೀಟಿ ಇದೆ. ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಇಂಗ್ಲಿಷ್: ‘ನನಗೆ ಮೂರ್ಛೆ ರೋಗವಿದೆ. ಕಾರ್ಬಮಜೆಪಿನ್‌ನಿಂದ ತೀವ್ರ ಡ್ರೆಸ್ ಪ್ರತಿಕ್ರಿಯೆ ಆಗಿದೆ. ಫೆನಿಟಾಯಿನ್, ಫಾಸ್‌ಫೆನಿಟಾಯಿನ್, ಫಿನೋಬಾರ್ಬಿಟೋನ್, ಆಕ್ಸ್‌ಕಾರ್ಬಜೆಪಿನ್, ಲ್ಯಾಮೋಟ್ರಿಜಿನ್ ಕೊಡಬೇಡಿ. ಈಗಿನ ಔಷಧ ಲೆವೆಟಿರಸೆಟಾಮ್.’ ಕೆಳಗೆ ಪ್ರತಿಕ್ರಿಯೆ ಆದ ತಿಂಗಳು, ವರ್ಷ, ನನ್ನ ಫೋನ್ ನಂಬರು. ಪಟ್ಟಿಯನ್ನು ನಾವೇ ಊಹಿಸಿ ಬರೆದದ್ದಲ್ಲ, ನರರೋಗ ತಜ್ಞರಿಂದ ಬರೆಸಿ ಮೊಹರು ಹಾಕಿಸಿದ್ದು. ನೀವೂ ಹಾಗೆಯೇ ಬರೆಸಿಕೊಳ್ಳಿ. ಅದರ ಫೋಟೊ ಅವನ ಮೊಬೈಲಿನ ಲಾಕ್ ಪರದೆಯ ಮೇಲೂ ಇದೆ. ಮೊದಮೊದಲು ನಾಚಿಕೆಪಟ್ಟ, ಗೆಳೆಯರು ನೋಡುತ್ತಾರೆ ಎಂದು. ಈಗ ಹಾಸ್ಟೆಲ್ಲಿನ ರೂಮಿನವರಿಗೆಲ್ಲ ಚೀಟಿ ಎಲ್ಲಿದೆ ಎಂದು ಗೊತ್ತು.

ಔಷಧದಿಂದ ಆದ ತೊಂದರೆಯನ್ನು ಸರ್ಕಾರಕ್ಕೆ ತಿಳಿಸುವ ದಾರಿಯೂ ಇದೆ. 2010ರಲ್ಲಿ ಶುರುವಾದ ಭಾರತದ ಔಷಧ ನಿಗಾ ಕಾರ್ಯಕ್ರಮದ ಶುಲ್ಕವಿಲ್ಲದ ಸಹಾಯವಾಣಿ 1800-180-3024. ವೈದ್ಯರೇ ಆಗಬೇಕಿಲ್ಲ, ರೋಗಿಯ ಮನೆಯವರೂ ತಿಳಿಸಬಹುದು.

9. ರಕ್ತ ಸಂಬಂಧಿಕರಿಗೆ ಹೇಳಿ

ಈ ಪ್ರವೃತ್ತಿ ವಂಶದಲ್ಲಿ ಹರಿಯಬಹುದು. ಎಚ್‌ಎಲ್‌ಎ-ಬಿ 15:02 ಎಂಬ ಜೀನ್ ಗುರುತು ಇದ್ದವರಿಗೆ ಕಾರ್ಬಮಜೆಪಿನ್‌ನಿಂದ ಸ್ಟೀವನ್ಸ್-ಜಾನ್ಸನ್ ಬರುವ ಅಪಾಯ ಬಹಳ ಹೆಚ್ಚು. ಏಷ್ಯಾ ಮೂಲದವರಿಗೆ ಈ ಮಾತ್ರೆ ಶುರು ಮಾಡುವ ಮೊದಲೇ ರಕ್ತದಲ್ಲಿ ಅದನ್ನು ಪರೀಕ್ಷಿಸಿ ಎಂದು ಅಮೆರಿಕದ ಸಂಸ್ಥೆ 2007ರಲ್ಲೇ ಹೇಳಿತು. ಭಾರತೀಯರಲ್ಲಿ ಸರಾಸರಿ ನೂರಕ್ಕೆ 2ರಿಂದ 4 ಜನರಲ್ಲಿ ಇದು ಇರುತ್ತದೆ, ಕೆಲವು ಸಮುದಾಯಗಳಲ್ಲಿ ಇನ್ನೂ ಹೆಚ್ಚು ಎನ್ನುತ್ತದೆ ಔಷಧದ ಮಾಹಿತಿ ಪತ್ರ. ಎಚ್‌ಎಲ್‌ಎ-ಎ 31:01 ಎಂಬ ಇನ್ನೊಂದು ಗುರುತಿಗೆ ಡ್ರೆಸ್ ಜೊತೆ ನಂಟಿದೆ. ಪರೀಕ್ಷೆ ಎಲ್ಲ ಕಡೆ ಸಿಗುವುದಿಲ್ಲ, ಖರ್ಚೂ ಇದೆ. ಗುರುತು ಇಲ್ಲ ಎಂದು ಬಂದರೂ ಕ್ಯಾಲೆಂಡರಿನ ಎಂಟು ವಾರ ತಪ್ಪುವುದಿಲ್ಲ.

ಆದರೆ ಮನೆಯವರಿಗೆ ಹೇಳುವುದಕ್ಕೆ ಖರ್ಚಿಲ್ಲ. ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ತಮ್ಮನ ಚೀಟಿಯ ಫೋಟೊ ಹಾಕಿ, ‘ಯಾರಿಗಾದರೂ ಈ ಮಾತ್ರೆ ಬರೆದರೆ ಡಾಕ್ಟರಿಗೆ ಇದನ್ನು ತೋರಿಸಿ’ ಎಂದು ಬರೆದಿದ್ದೆ. ಎರಡು ವರ್ಷದ ಮೇಲೆ ಒಂದು ಸಂಜೆ ನಮ್ಮ ಚಿಕ್ಕಮ್ಮ ಫೋನ್ ಮಾಡಿದರು. ಕೆನ್ನೆಯಲ್ಲಿ ಕರೆಂಟ್ ಹೊಡೆದಂಥ ನೋವಂತೆ, ಮೆಡಿಕಲ್ ಶಾಪಿನ ಮುಂದೆ ನಿಂತಿದ್ದರು. ‘ಹೆಸರು ಓದ್ತೀನಿ, ಕೇಳು ಮಗಾ’ ಎಂದು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಕಾರ್ಬಮಜೆಪಿನ್. ಕೊಳ್ಳದೆ ವಾಪಸ್ ಹೋಗಿ ಚೀಟಿಯ ಫೋಟೊ ತೋರಿಸಿದರು. ಡಾಕ್ಟರು ಅದನ್ನು ದೊಡ್ಡದು ಮಾಡಿ ಓದಿ, ಬರೆದದ್ದನ್ನು ಹೊಡೆದುಹಾಕಿ ಬೇರೆ ಔಷಧ ಬರೆದರು. ಆ ರಾತ್ರಿಯೇ ಚಿಕ್ಕಮ್ಮ ತಮ್ಮ ಅಡುಗೆಮನೆಯ ಕ್ಯಾಲೆಂಡರಿನ ಫೋಟೊ ಕಳಿಸಿದರು. ಹೊಸ ಮಾತ್ರೆಯ ಹೆಸರಿತ್ತು, ಶುರುವಿನ ತಾರೀಖಿತ್ತು, ಎಂಟನೇ ವಾರದ ಮೇಲೆ ಕೆಂಪು ಪೆನ್ನಿನ ಸುತ್ತಿತ್ತು.